ಓದುವ ಫೈಲಿನ ಮೇಲೆಯೇ ಬರೆದರೆ



ಬ್ಯಾಂಕು, ವಿಮಾ ಕಂಪನಿಗಳ ಲೆಕ್ಕಪತ್ರವನ್ನು ಇಂದಿಗೂ ಹೊತ್ತಿರುವ ಮೇನ್‌ಫ್ರೇಮ್ ಕಂಪ್ಯೂಟರುಗಳಲ್ಲಿ ಒಂದು ಹಳೆಯ ಅಪಾಯವಿದೆ. ಯಾವ ಫೈಲನ್ನು ಓದುತ್ತಿದ್ದೇವೋ ಫಲಿತಾಂಶವನ್ನೂ ಅದರ ಮೇಲೆಯೇ ಬರೆಯುವುದು. ಟೇಪುಗಳ ಕಾಲದಲ್ಲಿ ಇದಕ್ಕೆ ಆಸ್ಪದವೇ ಇರಲಿಲ್ಲ.

1951ರಲ್ಲಿ ಅಮೆರಿಕದ ಜನಗಣತಿ ಇಲಾಖೆ ಪಡೆದ ಯೂನಿವ್ಯಾಕ್ ಯಂತ್ರ ಟೇಪಿನಿಂದ ಓದಿ ಟೇಪಿಗೇ ಬರೆಯುತ್ತಿತ್ತು. ಟೇಪಿನ ನಡುವೆ ಒಂದು ದಾಖಲೆಯನ್ನಷ್ಟೇ ತಿದ್ದುವುದು ಆಗದ ಮಾತು. ಹಾಗಾಗಿ ಹಳೆಯ ಖಾತೆಗಳ ಟೇಪು ಒಂದು ಡ್ರೈವಿನಲ್ಲಿ, ದಿನದ ವ್ಯವಹಾರ ಇನ್ನೊಂದರಲ್ಲಿ. ಎರಡನ್ನೂ ಓದಿ ಹೊಸ ಖಾತೆಗಳನ್ನು ಮೂರನೆಯ ಟೇಪಿಗೆ ಬರೆಯುತ್ತಿದ್ದರು. ಕೆಲಸ ಕೆಟ್ಟರೂ ಹಳೆಯದು ಭದ್ರ. ಅಜ್ಜ, ಅಪ್ಪ, ಮಗ ಎಂದು ಮೂರು ತಲೆಮಾರಿನ ಟೇಪು ಇಟ್ಟುಕೊಳ್ಳುವ ರೂಢಿ ಬೆಳೆದದ್ದು ಹೀಗೆ. ಹಲವು ಟೇಪುಗಳಲ್ಲಿ ಸುರುಳಿಯ ಹಿಂಬದಿಯ ತೋಡಿಗೆ ಒಂದು ಪ್ಲಾಸ್ಟಿಕ್ ಉಂಗುರ ಸಿಕ್ಕಿಸಿದರೆ ಮಾತ್ರ ಡ್ರೈವ್ ಬರೆಯುತ್ತಿತ್ತು. ಉಂಗುರ ಕಿತ್ತಿಟ್ಟರೆ ಪ್ರೋಗ್ರಾಂ ಏನೇ ಹೇಳಲಿ, ಅಕ್ಷರವೂ ಅಳಿಯದು. ಇಷ್ಟು ಅಗ್ಗದ ಕಾವಲು ಕಂಪ್ಯೂಟರ್ ಲೋಕಕ್ಕೆ ಮತ್ತೆ ಸಿಕ್ಕಿಲ್ಲವೆಂದೇ ನನ್ನ ಎಣಿಕೆ.

1956ರಲ್ಲಿ ಐಬಿಎಂನ ರಾಮ್ಯಾಕ್ ಬಂತು. 50 ತಟ್ಟೆಗಳ ಡಿಸ್ಕು, 50 ಲಕ್ಷ ಅಕ್ಷರಗಳಿಗೆ ಜಾಗ. ದಾಖಲೆಯನ್ನು ಇದ್ದಲ್ಲೇ ತಿದ್ದುವ ಅನುಕೂಲ ಸಿಕ್ಕಿತು. ಜಾಗ ಮಾತ್ರ ದುಬಾರಿ; ಎರಡನೆಯ ಪ್ರತಿ ದಂಡವೆನಿಸಿತು. 1964ರಲ್ಲಿ ಘೋಷಣೆಯಾದ ಸಿಸ್ಟಂ/360 ಜೊತೆಗೆ ಕಂಪ್ಯೂಟರಿಗೆ ಒಪ್ಪಿಸುವ ಕೆಲಸಕ್ಕೆ, ಅಂದರೆ ಜಾಬಿಗೆ, ಯಾವ ಫೈಲು ಬೇಕೆಂದು ತಿಳಿಸುವ ಜೆಸಿಎಲ್ ಭಾಷೆ ಬಂದಾಗ, ದಾಖಲೆಗಳನ್ನು ಕ್ರಮವಾಗಿ ಜೋಡಿಸುವ ಸಾರ್ಟ್ ಜಾಬಿನಲ್ಲಿ ಓದುವ, ಬರೆಯುವ ಫೈಲುಗಳನ್ನು ಹೇಳುವ ಸಾರ್ಟ್‌ಇನ್, ಸಾರ್ಟ್‌ಔಟ್ ಎಂಬ ಎರಡೂ ಸಾಲುಗಳಿಗೆ ಒಂದೇ ಫೈಲಿನ ಹೆಸರು ಕೊಡುವ ಚಾಳಿ ಶುರುವಾಯಿತು.

ಸಾರ್ಟ್ ಎಲ್ಲವನ್ನೂ ಓದಿ ಮುಗಿಸಿದ ಮೇಲೆ ಬರೆಯತೊಡಗುತ್ತದೆ. ಆದ್ದರಿಂದ ವರ್ಷಗಟ್ಟಲೆ ಏನೂ ಆಗದಿರಬಹುದು. ಒಂದು ರಾತ್ರಿ 10 ಲಕ್ಷ ದಾಖಲೆಗಳಲ್ಲಿ 4 ಲಕ್ಷ ಬರೆದಿರುವಾಗ ಆಪರೇಟರ್ ಜಾಬನ್ನು ನಿಲ್ಲಿಸಿದ ಎನ್ನಿ. ತಾತ್ಕಾಲಿಕ ಜಾಗದಲ್ಲಿದ್ದದ್ದು ಜಾಬಿನ ಜೊತೆಗೇ ಹೋಯಿತು, ಮೂಲ ಮೊದಲೇ ಅಳಿದಿದೆ. ಮತ್ತೆ ಓಡಿಸಿದರೆ ಫೈಲಿನಲ್ಲಿ ಉಳಿದಿರುವ ಆ 4 ಲಕ್ಷವನ್ನೇ ಅಚ್ಚುಕಟ್ಟಾಗಿ ಜೋಡಿಸಿ, ರಿಟರ್ನ್ ಕೋಡ್ ಸೊನ್ನೆ, ಅಂದರೆ ಎಲ್ಲ ಸರಿ, ಎಂದು ಮುಗಿಸುತ್ತದೆ. ಭಯಪಡಬೇಕಾದದ್ದು ಈ ಸೊನ್ನೆಗೆ. ಫೈಲನ್ನು ಈ ಜಾಬಿಗಷ್ಟೇ ಕಾದಿರಿಸುವ ಡಿಸ್ಪ್ ಓಲ್ಡ್ ಎಂದು ಜೆಸಿಎಲ್ಲಿನಲ್ಲಿ ಬರೆದಿದ್ದೆವಲ್ಲ ಅಂದರೆ, ಅದು ಬೇರೆ ಜಾಬುಗಳನ್ನು ತಡೆಯುತ್ತದೆಯೇ ಹೊರತು ತನ್ನ ಕೈಯನ್ನಲ್ಲ.

ಐಬಿಎಂನದೇ ಐಇಬಿಕಾಪಿ ಎಂಬ ನಕಲು ಪ್ರೋಗ್ರಾಮಿಗೂ ಈ ಕಾಟ ತಪ್ಪಿಲ್ಲ. ಹಲವು ಸದಸ್ಯ ಫೈಲುಗಳಿರುವ ಲೈಬ್ರರಿಯೊಳಗಿನ ಖಾಲಿ ಜಾಗವನ್ನು ಅಲ್ಲೇ ಒತ್ತರಿಸುವಾಗ ಅದು ನಡುವೆ ನಿಂತರೆ ಲೈಬ್ರರಿಯೇ ಕೆಡಬಹುದು.

ಸಾರ್ಟಿನ ಈ ಅಪಾಯಕ್ಕೆ ಪರಿಹಾರ ಜಿಡಿಜಿ ಎಂಬ ಸೌಲಭ್ಯ, ಅಂದರೆ ಟೇಪಿನ ಅಜ್ಜ-ಅಪ್ಪ-ಮಗನ ಪದ್ಧತಿಯೇ. ಸೊನ್ನೆಯ, ಅಂದರೆ ಈಗಿನ, ತಲೆಮಾರನ್ನು ಓದು, ಪ್ಲಸ್ ಒಂದಕ್ಕೆ, ಅಂದರೆ ಹೊಸದಕ್ಕೆ, ಬರೆ.

ಹೊರದೇಶದ ಬ್ಯಾಂಕುಗಳ ಇಂಥ ಜಾಬುಗಳನ್ನು ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಕಾಯುವವರಿದ್ದೀರಿ. ಓದುವ, ಬರೆಯುವ ಎರಡೂ ಸಾಲಿನಲ್ಲಿ ಒಂದೇ ಹೆಸರು ಕಂಡರೆ ದಯವಿಟ್ಟು ಇಂದೇ ಬದಲಾಯಿಸಿ.