ಪರದೇಶದಲ್ಲೊಂದು ಹುಟ್ಟುಹಬ್ಬ

ನನಗೆ ಹುಟ್ಟಿದ ದಿನಗಳು ಎರಡು. ಒಂದು ನಮ್ಮ ತಾಯಿಯವರು ಹೇಳುತ್ತಿದ್ದುದು: ದುರ್ಮುಖಿ ಸಂವತ್ಸರ, ಹುಣಿಸೆ ಬಡಿಯುವ ಕಾಲ, ಸಂತೆಯ ಮಾರನೆಯ ದಿನ, ಬೆಳಗಿನ ಜಾವ. ಇನ್ನೊಂದು ಶಾಲೆಯ ದಾಖಲೆಯಲ್ಲಿರುವುದು: 1957ನೆಯ ಇಸವಿ ಜೂನ್ 1. ನನ್ನನ್ನು ಒಂದನೆಯ ತರಗತಿಗೆ ಸೇರಿಸುವ ದಿನ ನಮ್ಮ ತಂದೆಯವರು ತಾರೀಖು ಹೇಳಲಾರದೆ ತಲೆ ಕೆರೆದುಕೊಂಡಾಗ, ಮುಖ್ಯೋಪಾಧ್ಯಾಯರು ಲೇಖನಿಯನ್ನು ಮಸಿಗೆ ಅದ್ದಿ, ತಮಗೆ ಅನುಕೂಲವಾಗಿ ತೋರಿದ ಒಂದು ದಿನವನ್ನು ಬರೆದುಕೊಂಡರು. ಅವರ ಕೃಪೆಯಿಂದ ನಮ್ಮ ತರಗತಿಯ ಅರ್ಧಕ್ಕಿಂತ ಹೆಚ್ಚು ಹುಡುಗರು ಒಂದೇ ದಿನ ಹುಟ್ಟಿದವರಾದೆವು. ನನ್ನ ತಲೆಮಾರಿನ ಹಳ್ಳಿಯ ಮಕ್ಕಳಲ್ಲಿ ಇದೊಂದು ವಿಶೇಷವೇ ಅಲ್ಲ.

ಆ ತಾರೀಖಿನಂತೆ ನೌಕರಿ ಸಿಕ್ಕಿತು, ಆ ತಾರೀಖಿನಂತೆಯೇ ನಿವೃತ್ತಿಯೂ ಆಯಿತು. ತಾಯಿಯವರ ಲೆಕ್ಕವನ್ನು ಯಾವ ಕಚೇರಿಯೂ ಕೇಳಲಿಲ್ಲ. 2011ರಲ್ಲಿ ಅವರು ತೀರಿಕೊಂಡ ಮೇಲೆ ಆ ಲೆಕ್ಕಕ್ಕೆ ಸಾಕ್ಷಿಯೂ ಉಳಿಯಲಿಲ್ಲ. ಜೂನ್ 1 ಬಂದಾಗ ಯಾರಾದರೂ ಶುಭ ಕೋರಿದರೆ, ಇನ್ನೊಬ್ಬರ ಕಾಗದವನ್ನು ಒಡೆದು ಓದಿದವನಂತೆ ಮುಜುಗರಪಡುತ್ತಿದ್ದೆ.

2019ರಲ್ಲಿ ಕೆಲವು ತಿಂಗಳ ಕಾಲ ಜರ್ಮನಿಯ ಟ್ಯೂಬಿಂಗೆನ್ ಪಟ್ಟಣದಲ್ಲಿ ಇರುವ ಯೋಗ ನನಗೆ ಒದಗಿತು. ನೆಕಾರ್ ನದಿಯ ದಂಡೆಯ ಊರು. ಅಲ್ಲಿನ ವಿಶ್ವವಿದ್ಯಾಲಯ 1477ರಷ್ಟು ಹಳೆಯದು. ಕನ್ನಡಿಗನಿಗೆ ಆ ಊರಿನೊಡನೆ ಬೇರೊಂದು ನಂಟೂ ಉಂಟು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಮಹಾ ನಿಘಂಟಿನ ಕರ್ತೃ ಕಿಟೆಲ್ ಅವರು 1903ರಲ್ಲಿ ಕೊನೆಯುಸಿರೆಳೆದದ್ದು ಅಲ್ಲಿಯೇ. ಅವರ ಕಾಲದ ಕನ್ನಡ ಪುಸ್ತಕಗಳನ್ನು ನೋಡುವುದು ನಾನು ಹೋಗಿದ್ದ ಕೆಲಸ. ನಾಲ್ಕಾರು ಮಂದಿ ಸ್ನೇಹಿತರೂ ಆದರು: ನನಗೆ ಕೋಣೆ ಕೊಟ್ಟಿದ್ದ ವೃದ್ಧ ಮನೆಯೊಡತಿ, ಗ್ರಂಥಾಲಯದಲ್ಲಿ ಎದುರಿಗೆ ಕೂರುತ್ತಿದ್ದ ದಂಪತಿಗಳು, ಜರ್ಮನ್ ಕಲಿಯುವ ತರಗತಿಯಲ್ಲಿ ಜೊತೆಯಾದ ಒಬ್ಬ ಆಫ್ಘನ್ ತರುಣ, ಧಾರವಾಡದ ಕಡೆಯ ಒಬ್ಬ ಸಂಶೋಧನ ವಿದ್ಯಾರ್ಥಿನಿ.

ಬಾಡಿಗೆಯ ಕರಾರಿನಲ್ಲಿ ನನ್ನ ಜನ್ಮದಿನವನ್ನು ಕಂಡಿದ್ದ ಮನೆಯೊಡತಿ ಮೇ ತಿಂಗಳ ಕೊನೆಯಲ್ಲಿ, "ಬರುವ ಶನಿವಾರ ಏನಾದರೂ ಇದೆಯೆ?" ಎಂದು ಎರಡು ಸಲ ಕೇಳಿದರು. ನಾನು ಏನೂ ಇಲ್ಲವೆಂದೆ. ತನ್ನ ಹುಟ್ಟುಹಬ್ಬವನ್ನು ತಾನೇ ಸಾರಿಕೊಳ್ಳುವುದು ನಮ್ಮಲ್ಲಿ ಸಭ್ಯತೆಯಲ್ಲವಲ್ಲ! ಆಕೆಯ ಮುಖ ಮಾತ್ರ ಬಾಡಿತು. ವಿದ್ಯಾರ್ಥಿನಿ ಇದನ್ನು ಕೇಳಿ ನಕ್ಕುಬಿಟ್ಟಳು. "ಸರ್, ಇಲ್ಲೆ ಹುಟ್ಟಿದವ್ರ ಕರದು ಊಟಾ ಹಾಕಬೇಕ್ರಿ. ನೀವು ಕರೀಲಿಲ್ಲಂದ್ರ ಅವ್ರು ಹೆಂಗ ಬರ್ತಾರ್ರೀ?" ಎಂದಳು. ಮೊದಲೇ ಶುಭ ಕೋರುವುದು ಅಪಶಕುನವೆಂದು ಆ ಜನ ನಂಬುತ್ತಾರಂತೆ. ಆದ್ದರಿಂದ ಅವರು ಬಾಯಿ ಬಿಡುವಂತಿರಲಿಲ್ಲ. ನನ್ನ ಸಂಕೋಚ ಅವರ ಕಣ್ಣಿಗೆ, ಸ್ನೇಹಿತರನ್ನು ಮನೆಗೆ ಕರೆಯಲೊಲ್ಲದ ಬಿಗುಮಾನವಾಗಿ ಕಂಡಿತ್ತು.

ಶನಿವಾರ ಸಂಜೆ ಎಲ್ಲರನ್ನೂ ಕರೆದೆ. ಚಿತ್ರಾನ್ನ ಮಾಡಿದೆ, ಗಸಗಸೆ ಪಾಯಸವನ್ನೂ ಮಾಡಿದೆ. ಆ ದೇಶದ ಗಸಗಸೆಯ ಬಣ್ಣ ಕರಿನೀಲಿ. ಪಾಯಸ ಒಲೆಯ ಬೂದಿಯನ್ನು ಕದಡಿದ ಹಾಗೆ ಕಂಡಿತು. ಆದರೂ ಬಟ್ಟಲುಗಳೆಲ್ಲ ಬರಿದಾದವು. ಮನೆಯೊಡತಿ ಸ್ಟ್ರಾಬೆರಿ ಹಣ್ಣಿನ ಕೇಕನ್ನು ತಂದು, ನನ್ನ ಕೈ ಹಿಡಿದು, ಆ ದಿನದವನನ್ನು ಅವರ ನುಡಿಯಲ್ಲಿ ಕರೆಯುವ ಹೆಸರಿನಿಂದ ಕರೆದರು. ಆ ಪದದ ಅರ್ಥ 'ಹುಟ್ಟುಹಬ್ಬದ ಮಗು' ಎಂದು. ಎಂಬತ್ತು ತುಂಬಿದವರಿಗೂ ಅದೇ ಪದವಂತೆ. ತಾಯಿಯವರು ಹೋದ ಮೇಲೆ ನನ್ನನ್ನು ಮಗು ಎಂದವರು ಯಾರೂ ಇರಲಿಲ್ಲ.

ಆಗ ನನಗೆ ತಡೆಯಲಾಗಲಿಲ್ಲ. "ಇದು ನಾನು ಹುಟ್ಟಿದ ದಿನವಲ್ಲ" ಎಂದು ಮೇಷ್ಟರ ಕಥೆಯನ್ನೆಲ್ಲ ಹೇಳಿದೆ. ಮೇಜಿನ ಸುತ್ತ ಒಂದು ಕ್ಷಣ ಮೌನ. ಬಳಿಕ ಆಫ್ಘನ್ ತರುಣ, "ನನ್ನದು ಜನವರಿ 1. ನಾನು ಹುಟ್ಟಿದ ದಿನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಲ್ಲಿಗೆ ಬಂದಾಗ ಅಧಿಕಾರಿ ಬರೆದುಕೊಂಡರು. ನನ್ನ ಜೊತೆ ಬಂದ ಎಷ್ಟೋ ಮಂದಿ ಅದೇ ದಿನ ಹುಟ್ಟಿದವರು. ಅದನ್ನು ನಾವು ಆಚರಿಸುವುದಿಲ್ಲ" ಎಂದ. ಮನೆಯೊಡತಿ ಎದ್ದುಹೋಗಿ ಇನ್ನೊಂದು ಮೇಣದ ಬತ್ತಿಯನ್ನು ತಂದು ಕೇಕಿನ ಮೇಲೆ ನೆಟ್ಟರು. ಆ ಹುಡುಗ ಅದನ್ನು ಕೂಡಲೇ ಆರಿಸಲಿಲ್ಲ. ಬಹಳ ಹೊತ್ತು ನೋಡುತ್ತ ಕುಳಿತಿದ್ದ.

ಅಂದು ರಾತ್ರಿ ನನಗೆ ರವೀಂದ್ರನಾಥ ಠಾಕೂರರ ನೆನಪಾಯಿತು. 1924ರ ಮೇ 8ರಂದು ಬೀಜಿಂಗಿನಲ್ಲಿ ಚೀನೀ ಸ್ನೇಹಿತರು ಅವರ ಹುಟ್ಟುಹಬ್ಬವನ್ನು ಆಚರಿಸಿದರು. ಹು ಶಿ ಅವರು ಅಧ್ಯಕ್ಷತೆ ವಹಿಸಿದ್ದರು. ಕವಿಯ 'ಚಿತ್ರಾ' ನಾಟಕವನ್ನು ಇಂಗ್ಲಿಷಿನಲ್ಲಿ ಆಡಿದರು. ಲಿಯಾಂಗ್ ಚಿಚಾವೊ ಅವರು ಕವಿಗೆ 'ಝು ಝೆನ್‌ದಾನ್' ಎಂಬ ಚೀನೀ ಹೆಸರನ್ನಿಟ್ಟರು. ಅದರ ಮೊದಲ ಪದ ಭಾರತಕ್ಕೆ ಚೀನದ ಹಿಂದಿನವರು ಇಟ್ಟಿದ್ದ ಹೆಸರಿನಿಂದ ಬಂದದ್ದು. ಎರಡನೆಯದು ಚೀನಕ್ಕೆ ನಮ್ಮ ಹಿಂದಿನವರು ಇಟ್ಟಿದ್ದ ಹೆಸರಿನಿಂದ ಬಂದದ್ದು. ತಮ್ಮ ಮರಣದ ವರ್ಷವಾದ 1941ರಲ್ಲಿ ಪ್ರಕಟವಾದ 'ಜನ್ಮದಿನೇ' ಸಂಕಲನದ ಒಂದು ಕವಿತೆಯಲ್ಲಿ ಕವಿ ಆ ಹೆಸರನ್ನೂ ತಾವು ಉಟ್ಟ ಚೀನೀ ಉಡುಪನ್ನೂ ನೆನೆದು, ಗೆಳೆಯರು ದೊರೆತಲ್ಲಿ ಹೊಸ ಹುಟ್ಟು ದೊರೆಯುತ್ತದೆ ಎಂಬ ಭಾವವನ್ನು ತೋಡಿಕೊಂಡಿದ್ದಾರೆ. ತರಗತಿಯಲ್ಲಿ ಈ ಪ್ರಸಂಗವನ್ನು ಹೇಳುವಾಗಲೆಲ್ಲ ಅದನ್ನು ಅತಿಥಿಯೊಬ್ಬನ ಸೌಜನ್ಯದ ಮಾತೆಂದೇ ನಾನು ತಿಳಿದಿದ್ದೆ.

ಈಗ ಹಾಗೆ ತಿಳಿಯುವುದಿಲ್ಲ. ತನ್ನ ಹುಟ್ಟನ್ನು ತಾನು ಕಂಡವರು ಯಾರೂ ಇಲ್ಲ. ಅದನ್ನು ಇನ್ನೊಬ್ಬರ ಮಾತಿನ ಮೇಲೆ ನಂಬಬೇಕು. ಊರಿನಲ್ಲಿ ಆ ಮಾತು ತಾಯಿಯದು. ಪರದೇಶದಲ್ಲಿ ನಮ್ಮ ಬಾಲ್ಯವನ್ನು ಕಂಡವರು ಒಬ್ಬರೂ ಇರುವುದಿಲ್ಲ. ಆದರೂ "ನೀನು ಹುಟ್ಟಿದ್ದು ನಮಗೆ ಸಂತೋಷ" ಎಂದು ಹೇಳುವವರು ಸಿಕ್ಕಿದರೆ, ಸಾಕ್ಷಿಯ ಭಾರವನ್ನು ಅವರು ಹೊತ್ತಂತೆಯೇ. ಮೇಷ್ಟರು ಬರೆದ ತಾರೀಖು ಆ ಸಂಜೆಯವರೆಗೆ ಕಾಗದದ ಮೇಲಿತ್ತು. ಅಂದಿನಿಂದ ಅದು ನನ್ನದಾಯಿತು.

ಈಗಲೂ ಜೂನ್ 1ರ ಬೆಳಗ್ಗೆ ಟ್ಯೂಬಿಂಗೆನ್ನಿನಿಂದ ಕರೆ ಬರುತ್ತದೆ. ಹಿಂದಿನ ದಿನ ಎಂದೂ ಬಂದದ್ದಿಲ್ಲ. ಜನವರಿ 1ರಂದು ನಾನು ಆ ತರುಣನಿಗೆ ಕರೆ ಮಾಡುತ್ತೇನೆ. ಹೊಸ ವರ್ಷದ ಶುಭಾಶಯವನ್ನು ಕೊನೆಗೆ ಹೇಳುತ್ತೇನೆ. ಊರಿನ ಕಡೆ ಹುಣಿಸೆ ಬಡಿಯುವ ಸದ್ದು ಕೇಳಿಬಂದಾಗ ಮಾತ್ರ ತಾಯಿಯವರ ಲೆಕ್ಕ ನೆನಪಾಗಿ, ಯಾರಿಗೂ ಹೇಳದೆ, ಮರದ ಕೆಳಗೆ ಒಂದು ಗಳಿಗೆ ನಿಲ್ಲುತ್ತೇನೆ.