ನೋವಿಲ್ಲದ ಗಂಟು: ವೈದ್ಯ ಸಮ್ಮೇಳನದ ಅಧ್ಯಕ್ಷ ಭಾಷಣ



ನಮ್ಮ ಹೊರರೋಗಿ ವಿಭಾಗಕ್ಕೆ ತಡವಾಗಿ ಬಂದು ಸೇರುತ್ತಿರುವ ಒಂದು ವ್ಯಾಧಿಯನ್ನು, ಎಂದರೆ ಸ್ತನದ ಅರ್ಬುದವನ್ನು ಕುರಿತು ಮಾತನಾಡಬಯಸುತ್ತೇನೆ.

ಈ ರೋಗವು ಪ್ರಥಮಾವಸ್ಥೆಯಲ್ಲಿ ಬಹುಮಟ್ಟಿಗೆ ಗಟ್ಟಿಯಾದ, ಅಂಚು ಸ್ಪಷ್ಟವಿಲ್ಲದ ಒಂದು ಗಂಟಾಗಿ, ಹೆಚ್ಚಾಗಿ ಸ್ತನದ ಮೇಲಿನ ಹೊರಭಾಗದಲ್ಲಿ, ಸ್ನಾನದ ವೇಳೆ ಹೆಂಗಸಿನ ಕೈಗೇ ಮೊದಲು ಸಿಕ್ಕುವುದು. ಕೆಲವರಲ್ಲಿ ಚರ್ಮವು ಒಂದೆಡೆ ಕುಳಿಬೀಳುವುದು, ತೊಟ್ಟು ಹೊಸದಾಗಿ ಒಳಕ್ಕೆ ಸೇದಿಕೊಳ್ಳುವುದು, ಇಲ್ಲವೆ ಅದರಿಂದ ರಕ್ತಮಿಶ್ರಿತ ದ್ರವವು ಒಸರುವುದು. ಜ್ವರವಿಲ್ಲ, ನಿಶ್ಶಕ್ತಿಯಿಲ್ಲ, ಬಹಳ ಮಂದಿಗೆ ನೋವೂ ಇಲ್ಲ. ನೋವನ್ನೇ ರೋಗದ ಸಾಕ್ಷಿಯೆಂದು ನಂಬಿಬಂದ ನಮ್ಮ ಮನೆಗಳಲ್ಲಿ ನೋವಿನ ಅಭಾವವು ಅಭಯವಚನವಾಗಿಬಿಡುತ್ತದೆ. ದಸರೆ ಕಳೆದ ಮೇಲೆ ಬಂದ ತಾಯಿಯೊಬ್ಬರನ್ನು, “ಇದು ಕಂಡು ಎಷ್ಟು ದಿನವಾಯಿತಮ್ಮಾ?” ಎಂದು ಕೇಳಿದೆ. ಸೆರಗನ್ನು ಬಿಗಿಹಿಡಿದುಕೊಂಡೇ, “ಯುಗಾದಿ ಎಣ್ಣೆನೀರಿನ ದಿವಸ ಕೈಗೆ ಸಿಕ್ತು ಸ್ವಾಮಿ. ನೋವಿರಲಿಲ್ಲ. ಮಗಳ ಮದುವೆ ಮುಗೀಲಿ ಅಂತ ಸುಮ್ನಿದ್ದೆ” ಎಂದರು. ಅಷ್ಟರಲ್ಲಿ ಕಂಕುಳಿನ ಗ್ರಂಥಿಗಳೂ ಗಟ್ಟಿಯಾಗಿದ್ದವು.

ಆ ಕಂಕುಳಿನ ದುಗ್ಧಗ್ರಂಥಿಗಳಿಗೆ ರೋಗವು ಹಬ್ಬಿದೆಯೇ, ಹಬ್ಬಿದ್ದರೆ ಎಷ್ಟು ಗ್ರಂಥಿಗಳಿಗೆ ಎಂಬುದು ರೋಗಿಯ ಆಯುಸ್ಸನ್ನು ಸೂಚಿಸುವ ಲಕ್ಷಣಗಳಲ್ಲಿ ಅತ್ಯಂತ ಪ್ರಬಲವಾದುದು. ಗಂಟು 2 ಸೆಂಟಿಮೀಟರಿಗಿಂತ ಕಿರಿದೇ, ಸೂಕ್ಷ್ಮದರ್ಶಕದಡಿಯಲ್ಲಿ ಜೀವಕೋಶಗಳು ಎಷ್ಟು ವಿಕೃತವಾಗಿವೆ, ಅವು ಸ್ತ್ರೀಹಾರ್ಮೋನಿಗೆ ಓಗೊಡುವವೇ, ಅವುಗಳ ಮೈಮೇಲೆ ಹರ್-2 ಎಂಬ ಪ್ರೋಟೀನು ಅತಿಯಾಗಿದೆಯೇ ಎಂಬಿವನ್ನೂ ನೋಡಬೇಕು. ಏಕೆಂದರೆ ಟಮಾಕ್ಸಿಫೆನ್ ಔಷಧ ಯಾರಿಗೆ, ಟ್ರಾಸ್ಟುಜುಮಾಬ್ ಔಷಧ ಯಾರಿಗೆ ಎಂಬ ನಿರ್ಧಾರ ಇವುಗಳಿಂದಲೇ ಆಗಬೇಕಾದುದು.

ಸ್ತನವನ್ನೇ ಕಳೆದುಕೊಳ್ಳುವೆನೆಂಬ ಭೀತಿಯೂ ಅನೇಕರನ್ನು ಆಸ್ಪತ್ರೆಯಿಂದ ದೂರವಿರಿಸಿದೆ. ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಅಮೆರಿಕದ ಶಸ್ತ್ರವೈದ್ಯ ಹಾಲ್‌ಸ್ಟೆಡ್ ಸ್ತನದೊಡನೆ ಎದೆಯ ಸ್ನಾಯುಗಳನ್ನೂ ಕೊಯ್ದು ತೆಗೆಯುವ ಪದ್ಧತಿಯನ್ನು ನೆಲೆಗೊಳಿಸಿದನು. ಹೆಚ್ಚು ಕೊಯ್ದಷ್ಟೂ ಹೆಚ್ಚು ಬದುಕೆಂದು ಲೋಕವು ಬಹುಕಾಲ ನಂಬಿತು. ಅಮೆರಿಕದ ಬರ್ನಾರ್ಡ್ ಫಿಷರ್, ಮಿಲಾನಿನ ಉಂಬರ್ಟೊ ವೆರೊನೇಸಿ ಇವರ ಪರೀಕ್ಷಾಪ್ರಯೋಗಗಳ ಇಪ್ಪತ್ತು ವರ್ಷಗಳ ಫಲಿತಾಂಶಗಳು 2002ರಲ್ಲಿ ಪ್ರಕಟವಾದಾಗ, ಗಂಟನ್ನು ಮಾತ್ರ ಅಥವಾ ಸ್ತನದ ಒಂದು ಭಾಗವನ್ನಷ್ಟೇ ತೆಗೆಸಿಕೊಂಡು ವಿಕಿರಣವನ್ನು ಪಡೆದವರೂ ಪೂರ್ಣ ಸ್ತನವನ್ನು ತೆಗೆಸಿಕೊಂಡವರಷ್ಟೇ ಕಾಲ ಬಾಳಿದರೆಂಬುದು ಸ್ಥಿರಪಟ್ಟಿತು. ಬೇಗ ಬಂದರೆ ಸ್ತನವೂ ಉಳಿಯಬಹುದೆಂಬ ಈ ವಾರ್ತೆ ನಮ್ಮ ಹಳ್ಳಿಗಳಿಗೆ ಇನ್ನೂ ಮುಟ್ಟಿಲ್ಲವೆಂಬುದು ನನಗೆ ಅತೀವ ದುಃಖದ ಸಂಗತಿ.

2010ರಿಂದ 2014ರವರೆಗೆ ರೋಗನಿರ್ಣಯವಾದವರಲ್ಲಿ ಐದು ವರ್ಷ ಬದುಕುಳಿದವರು ಅಮೆರಿಕದಲ್ಲಿ ನೂರಕ್ಕೆ 90, ಭಾರತದಲ್ಲಿ ಸುಮಾರು 66. ಈ ಅಂತರಕ್ಕೆ ರೋಗದ ಸ್ವಭಾವವೊಂದನ್ನೇ ಹೊಣೆಮಾಡಲು ನನ್ನ ಮನಸ್ಸು ಒಪ್ಪದು. ತಡವಾಗಿ ಬರುವುದು ಒಂದು ಕಾರಣ. ಬಂದವರು ಚಿಕಿತ್ಸೆಯನ್ನು ಮುಗಿಸದಿರುವುದು ಮತ್ತೊಂದು. ಮೂರು ವಾರಕ್ಕೊಮ್ಮೆ ಔಷಧ, ಅನಂತರ ವಾರಗಟ್ಟಲೆ ದಿನವೂ ವಿಕಿರಣ: ಇದಕ್ಕಾಗಿ ಪಟ್ಟಣದಲ್ಲಿ ತಂಗಲು ಜಾಗವಿಲ್ಲದೆ, ಕೂಲಿಯ ದಿನಗಳನ್ನು ಕಳೆದುಕೊಂಡು, ಕೂದಲುದುರಿದ ತಲೆಯನ್ನು ನೆರೆಹೊರೆಗೆ ತೋರಲಾರದೆ, ನಡುವೆಯೇ ಊರಿಗೆ ಮರಳಿದ ಹೆಂಗಸಿಗೆ ಉತ್ಕೃಷ್ಟ ಶಸ್ತ್ರಕ್ರಿಯೆಯೂ ಅರ್ಧ ಫಲವನ್ನೇ ಕೊಟ್ಟೀತು.

ರೋಗವನ್ನು ಬೇಗ ಪತ್ತೆಮಾಡಲೆಂದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಸುಮಾರು ಒಂದೂವರೆ ಲಕ್ಷ ಸ್ತ್ರೀಯರನ್ನು ಎರಡು ಗುಂಪುಮಾಡಿ, ಒಂದು ಗುಂಪಿನವರನ್ನು ತರಬೇತಿ ಪಡೆದ ಕಾರ್ಯಕರ್ತೆಯರಿಂದ ಎರಡೆರಡು ವರ್ಷಕ್ಕೊಮ್ಮೆ ಕೇವಲ ಕೈಯಿಂದ ಪರೀಕ್ಷೆಮಾಡಿಸಿದರು. ಐವತ್ತು ದಾಟಿದವರಲ್ಲಿ ಈ ರೋಗದ ಮರಣವು ಹತ್ತಿರ ಹತ್ತಿರ ನೂರಕ್ಕೆ 30ರಷ್ಟು ಇಳಿಯಿತು. ಕಿರಿಯರಲ್ಲಿ ಆ ಲಾಭ ಕಾಣಲಿಲ್ಲ. ದುಬಾರಿ ಯಂತ್ರವಿಲ್ಲದ ತಾಲ್ಲೂಕಿಗೂ ಸಾಧ್ಯವಾದ ಮಾರ್ಗವಿದು.

ಆದುದರಿಂದ, ಗಂಟೆಂದು ಬಂದ ಯಾವ ಹೆಂಗಸನ್ನೂ ಸೂಜಿಪರೀಕ್ಷೆಗೆ ದಿನ ಗೊತ್ತುಮಾಡದೆ ಹಿಂದಕ್ಕೆ ಕಳುಹಬಾರದೆಂದೂ, ವಿಕಿರಣ ಪಡೆಯುವವರಿಗೂ ಅವರ ಜೊತೆಗಾರರಿಗೂ ತಂಗುವ ಮನೆಯನ್ನು ಪ್ರತಿಯೊಂದು ಚಿಕಿತ್ಸಾಕೇಂದ್ರವೂ ಏರ್ಪಡಿಸಬೇಕೆಂದೂ ಎರಡು ಠರಾವುಗಳನ್ನು ಸಿದ್ಧಪಡಿಸಿದ್ದೇನೆ. ಅವನ್ನು ಮಂಡಿಸಬೇಕೆಂದು ಕಾರ್ಯದರ್ಶಿಗಳನ್ನು ಪ್ರಾರ್ಥಿಸುತ್ತೇನೆ.