ಚಿನ್ನ ಕಂಪನಿಗೆ, ಹೂಳು ಊರಿಗೆ



ಚಿನ್ನದ ಗಣಿ ಎಂದರೆ ನಮಗೆ ನೆನಪಾಗುವುದು ಕೋಲಾರ. ಅಲ್ಲಿ ಗಟ್ಟಿ ಬಂಡೆಯನ್ನು ಸೀಳಿ ಮೂರು ಸಾವಿರ ಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು; 2001ರಲ್ಲಿ ಅದು ಮುಚ್ಚಿತು. ನಾನಿಂದು ಹೇಳುವುದು ಬೇರೆ ಬಗೆಯ ಗಣಿಯ ಮಾತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸಿಯೆರಾ ನೆವಾಡ ಬೆಟ್ಟಗಳ ಮೇಲೆ, ಕೋಟ್ಯಂತರ ವರ್ಷಗಳ ಹಿಂದೆ ಹರಿದು ಬತ್ತಿದ ನದಿಗಳ ಪಾತ್ರಗಳಿವೆ. ಅವುಗಳ ಜಲ್ಲಿ ಕೆಲವೆಡೆ ನೂರಾರು ಅಡಿ ದಪ್ಪ. ಅದರಲ್ಲಿ ಚಿನ್ನವಿದೆ. ದೊಡ್ಡ ಪ್ರಮಾಣದಲ್ಲಿ ತೆಗೆದರೆ ಗಿಟ್ಟುತ್ತದೆಯೇ?

ಚಿನ್ನ ಹೆಚ್ಚಾಗಿರುವುದು ತಳದ ಬಂಡೆಯ ಹತ್ತಿರ. ಮೇಲಿನ ಜಲ್ಲಿಯಲ್ಲಿ ಒಂದು ಘನಗಜಕ್ಕೆ ಆಗಿನ ಬೆಲೆಯಲ್ಲಿ ಕೆಲವೇ ಸೆಂಟುಗಳಷ್ಟು. ಸಲಿಕೆ ಹಿಡಿದವನಿಗೆ ಕೂಲಿಯೂ ಹುಟ್ಟದು. 1853ರಲ್ಲಿ ಎಡ್ವರ್ಡ್ ಮ್ಯಾಟೆಸನ್ ಎಂಬವನು ಕೊಳವೆಯಿಂದ ನೀರು ಚಿಮ್ಮಿಸಿ ಗುಡ್ಡ ಕೆಡವುವ ಉಪಾಯ ಹೂಡಿದ. ಕೆಸರು ಮರದ ಕಾಲುವೆಯಲ್ಲಿ ಹರಿಯುವಾಗ ಭಾರವಾದ ಚಿನ್ನ ತಳಕ್ಕಿಳಿದು, ಅಲ್ಲಿ ಹಾಕಿದ ಪಾದರಸಕ್ಕೆ ಸೇರಿಕೊಳ್ಳುತ್ತಿತ್ತು.

ಆದರೆ ಅಷ್ಟು ನೀರಿಗೆ ಬಂಡವಾಳ ಬೇಕು. ನಾರ್ತ್ ಬ್ಲೂಮ್‌ಫೀಲ್ಡ್ ಕಂಪನಿ ಅಣೆಕಟ್ಟು ಕಟ್ಟಿಸಿತು, ಮೈಲಿಗಟ್ಟಲೆ ಕಾಲುವೆ ತೋಡಿಸಿತು, ಕೆಸರು ಹೊರಹೋಗಲು ಬಂಡೆಯಲ್ಲಿ ಸುಮಾರು ಒಂದೂವರೆ ಮೈಲಿ ಸುರಂಗ ಕೊರೆಸಿ 1874ರಲ್ಲಿ ಮುಗಿಸಿತು. ದುಡಿದವರಲ್ಲಿ ಬಹಳ ಮಂದಿ ಕಡಿಮೆ ಕೂಲಿಯ ಚೀನೀಯರು. ಇದೆಲ್ಲ ಕಂಪನಿಯ ಕಿರ್ದಿಗೆ ಬಂತು. ಬಾರದೆ ಉಳಿದದ್ದು ಒಂದೇ ಬಾಬತ್ತು: ತೊಳೆದ ಮಣ್ಣು ಎಲ್ಲಿಗೆ ಹೋಯಿತು?

ಯೂಬಾ ನದಿಗೆ ಹೋಯಿತು. ನದಿಯ ತಳವೇ ಮೇರಿಸ್‌ವಿಲ್ ಪಟ್ಟಣದ ಬೀದಿಗಳಿಗಿಂತ ಮೇಲೆದ್ದಿತು. ಏರಿ ಕಟ್ಟಿಕೊಂಡರು, 1875ರ ಜನವರಿಯಲ್ಲಿ ಅದನ್ನೂ ಮೀರಿ ನೀರು ಊರಿಗೆ ನುಗ್ಗಿತು. ಹೊಲತೋಟಗಳು ಹೂಳಿನಡಿ ಮುಚ್ಚಿದವು. ವರ್ತಕ ಮಿತ್ರರು ಗಮನಿಸಬೇಕು: ಅಲ್ಲಿಯ ಅಂಗಡಿಕಾರರು ಬಹುಕಾಲ ಬಾಯಿ ಬಿಡಲಿಲ್ಲ. ಗಣಿಯವರೇ ಅವರ ಗಿರಾಕಿಗಳಲ್ಲವೇ! ಕಡೆಗೆ ಆ ಊರಲ್ಲಿ ಆಸ್ತಿಯಿದ್ದ ಎಡ್ವರ್ಡ್ಸ್ ವುಡ್ರಫ್ ಎಂಬವನು ಕಂಪನಿಯ ಮೇಲೆ ದಾವೆ ಹೂಡಿದ. 1884ರ ಜನವರಿ 7ರಂದು ನ್ಯಾಯಾಧೀಶ ಲೊರೆಂಜೊ ಸಾಯರ್, ಹೂಳನ್ನು ನದಿಗೆ ಬಿಡಕೂಡದೆಂದು ತೀರ್ಪಿತ್ತರು.

ಲೆಕ್ಕ ಬಯಲಾದದ್ದು ಆಗ. ಹೂಳು ತಡೆಯುವ ಕಟ್ಟೆ ಕಟ್ಟಿದವರು ಗಣಿ ನಡೆಸಬಹುದೆಂದು 1893ರಲ್ಲಿ ಕಾನೂನಾಯಿತು. ಆ ಖರ್ಚು ತಮ್ಮ ತಲೆಗೇ ಬಂದಾಗ ದೊಡ್ಡ ಗಣಿಗಳು ಮತ್ತೆ ಮೇಲೇಳಲಿಲ್ಲ. ಜಲ್ಲಿಯೂ ಇತ್ತು, ಚಿನ್ನವೂ ಇತ್ತು, ನೀರೂ ಇತ್ತು! ಅಂದಮೇಲೆ ಹಿಂದೆ ಲಾಭವೆಂದು ಹಂಚಿಕೊಂಡದ್ದರಲ್ಲಿ ಒಂದು ಪಾಲು ರೈತನ ಹೊಲದ ಬೆಲೆ. ಗಣಿ ನಿಂತಾಗ ಕೂಲಿಯವರ ಕೆಲಸ ಹೋಯಿತು, ನಿಜ. ಅದನ್ನು ಕಿತ್ತುಕೊಂಡದ್ದು ರೈತನಲ್ಲ, ಮೊದಲಿನಿಂದ ಬರೆದ ಸುಳ್ಳು ಲೆಕ್ಕ.

ಗಿಲ್ಬರ್ಟ್ ಎಂಬ ಭೂವಿಜ್ಞಾನಿ 1917ರ ವರದಿಯಲ್ಲಿ ಆ ಬೆಟ್ಟಗಳಿಂದ ಹೀಗೆ ತೊಳೆದ ಮಣ್ಣು ಸುಮಾರು 150 ಕೋಟಿ ಘನಗಜವೆಂದು ಲೆಕ್ಕ ಹಾಕಿದ. ಅದರೊಡನೆ ಹರಿದುಹೋದ ಪಾದರಸ ಇಂದಿಗೂ ಆ ನದಿಗಳ ಹೂಳಿನಲ್ಲಿದೆ, ಮೀನಿನಲ್ಲಿದೆ.